ಸಾರಿ ಅಂದರೆ ತಪ್ಪು ಒಪ್ಪಿಕೊಂಡ ಹಾಗಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ತಾಗಿದಾಗ, ಆಸ್ಪತ್ರೆಯಲ್ಲಿ ಏನಾದರೂ ಎಡವಟ್ಟಾದಾಗ, ಆಫೀಸಿನಲ್ಲಿ ನೋಟಿಸ್ ಕೈಗೆ ಬಂದಾಗ ಅಕ್ಕಪಕ್ಕದವರು ಕೊಡುವ ಮೊದಲ ಸಲಹೆ ಒಂದೇ: "ಏನೇ ಆಗ್ಲಿ, ಸಾರಿ ಮಾತ್ರ ಹೇಳ್ಬೇಡ. ಹೇಳಿದ್ರೆ ಸಿಕ್ಕಿಹಾಕ್ಕೊಳ್ತೀಯ." ಈ ಸಲಹೆಯಲ್ಲಿ ಸ್ವಲ್ಪ ನಿಜ ಇದೆ, ಜಾಸ್ತಿ ಹೆದರಿಕೆ ಇದೆ. ಆ ಹೆದರಿಕೆಗೆ ಸಿಕ್ಕಿ, ನೋವಾದವರ ಹತ್ತಿರ ಒಂದು ಒಳ್ಳೆಯ ಮಾತೂ ಆಡದೆ ಜನ ಪಕ್ಕಕ್ಕೆ ಸರಿದುಬಿಡುತ್ತಾರೆ. ಇದು ತಪ್ಪಬೇಕು ಅನ್ನುವುದು ನನ್ನ ಆಸೆ. ಇಲ್ಲಿರುವುದು ಸಾಮಾನ್ಯ ತಿಳಿವಳಿಕೆ ಮಾತ್ರ. ಕೇಸು ಆಗಲೇ ಶುರುವಾಗಿದ್ದರೆ ಕಾಗದಪತ್ರ ಹಿಡಿದು ವಕೀಲರ ಹತ್ತಿರ ಹೋಗಿ.

ಚುಟುಕಾಗಿ ಹೇಳಿ: ಸಾರಿ ಅಂದರೆ ಕಾನೂನಿನಲ್ಲಿ ತಪ್ಪು ಒಪ್ಪಿಕೊಂಡ ಹಾಗಾ?

ಅಲ್ಲ. ಬರೀ "ಸಾರಿ", "ಛೆ, ಹೀಗಾಗಬಾರದಿತ್ತು", "ತುಂಬಾ ಬೇಜಾರಾಯ್ತು" ಅನ್ನುವುದರಿಂದ ಯಾರೂ ತಪ್ಪಿತಸ್ಥರಾಗುವುದಿಲ್ಲ. ನಿಮ್ಮನ್ನು ಕಟ್ಟಿಹಾಕುವುದು ಅದರ ಜೊತೆಗೆ ಸೇರಿಸುವ ಸಂಗತಿ. "ಸಾರಿ, ಫೋನ್ ನೋಡ್ತಾ ಇದ್ದೆ, ಸಿಗ್ನಲ್ ಕಾಣಲಿಲ್ಲ" ಅಂದರೆ ಅದರಲ್ಲಿ ಎರಡು ಸಂಗತಿಗಳಿವೆ. ಕೋರ್ಟಿಗೆ ಬೇಕಾಗುವುದು ಆ ಎರಡೇ.

ನಮ್ಮ ಕಾನೂನು ಇದರ ಬಗ್ಗೆ ನಿಖರವಾಗಿ ಏನು ಹೇಳುತ್ತದೆ?

1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಈ ವಿಷಯದಲ್ಲಿ ಒಳಗಿನ ಹೂರಣ ಹೆಚ್ಚುಕಡಿಮೆ ಹಳೆಯದೇ.

ಸೆಕ್ಷನ್ 15ರ ಪ್ರಕಾರ, ಜಗಳದಲ್ಲಿರುವ ಸಂಗತಿಯ ಬಗ್ಗೆ ಒಂದು ತೀರ್ಮಾನಕ್ಕೆ ಬರಲು ದಾರಿ ಮಾಡಿಕೊಡುವ ಹೇಳಿಕೆಯನ್ನು "ಒಪ್ಪಿಕೊಂಡ ಮಾತು" ಎಂದು ಹಿಡಿಯಬಹುದು. ಅದು ಬಾಯಿಮಾತೂ ಆಗಬಹುದು, ಕಾಗದವೂ ಆಗಬಹುದು, ಎಲೆಕ್ಟ್ರಾನಿಕ್ ರೂಪದಲ್ಲೂ ಇರಬಹುದು. ಅಂದರೆ ವಾಟ್ಸಾಪ್ ಮೆಸೇಜು, ವಾಯ್ಸ್ ನೋಟು ಎಲ್ಲ ಬಂತು. ಅವನ್ನು ಕೋರ್ಟಿನಲ್ಲಿ ಹಾಜರುಪಡಿಸಲು ಸೆಕ್ಷನ್ 63ರ ಪ್ರಮಾಣಪತ್ರ ಬೇಕು.

ಇಷ್ಟು ಓದಿದವರು ಹೆದರುತ್ತಾರೆ. ಮುಂದೆ ಸೆಕ್ಷನ್ 25ನ್ನೂ ಓದಬೇಕು. ಒಪ್ಪಿಕೊಂಡ ಮಾತು ಅಂತಿಮ ಪುರಾವೆ ಅಲ್ಲ ಎಂದು ಅದು ಹೇಳುತ್ತದೆ. ಗಾಬರಿಯಲ್ಲಿ ಅಂದೆ, ಮರ್ಯಾದೆಗೆ ಅಂದೆ, ಆಗ ನನಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ ಎಂದು ವಿವರಿಸಲು ನಿಮಗೆ ಅವಕಾಶ ಇದೆ. ಆದರೆ ನಿಮ್ಮ ಮಾತು ನಂಬಿ ಎದುರಿನವರು ಏನಾದರೂ ಹೆಜ್ಜೆ ಇಟ್ಟಿದ್ದರೆ, ಆಮೇಲೆ ಅದರಿಂದ ಜಾರಿಕೊಳ್ಳುವುದು ಕಷ್ಟ.

ಕ್ರಿಮಿನಲ್ ಕೇಸಿನಲ್ಲಿ ಅಳತೆ ಇನ್ನೂ ಬಿಗಿ. ಅಪರಾಧವನ್ನೇ ನೇರವಾಗಿ ಒಪ್ಪಿರಬೇಕು, ಇಲ್ಲವೇ ಅಪರಾಧ ಆಗಲು ಬೇಕಾದ ಸಂಗತಿಗಳನ್ನು ಬಹುಮಟ್ಟಿಗೆ ಎಲ್ಲ ಒಪ್ಪಿರಬೇಕು. ಆಗ ಮಾತ್ರ ಅದು ತಪ್ಪೊಪ್ಪಿಗೆ. 1939ರಲ್ಲಿ ಪಕಾಲ ನಾರಾಯಣಸ್ವಾಮಿ ಪ್ರಕರಣದಲ್ಲಿ, ಬ್ರಿಟಿಷರ ಕಾಲದಲ್ಲಿ ನಮ್ಮ ಕೇಸುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹಾಕಿಕೊಟ್ಟ ಗೆರೆ ಇದು. ನಮ್ಮ ಕೋರ್ಟುಗಳು ಈಗಲೂ ಅದನ್ನೇ ಹಿಡಿದು ನಡೆಯುತ್ತವೆ. "ಸಾರಿ" ಅನ್ನುವ ಮಾತು ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ರಸ್ತೆಯಲ್ಲಿ ಗಾಡಿ ತಾಗಿತು. ಜನ ಸೇರಿದ್ದಾರೆ. ಆಗ ಏನು ಹೇಳಬೇಕು?

ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಾದರೂ ಈ ದೃಶ್ಯ ನೋಡಬಹುದು. ಸ್ಕೂಟರ್ ಅಡ್ಡ ಬಿದ್ದಿದೆ, ಇಂಡಿಕೇಟರ್ ಇನ್ನೂ ಮಿಣುಕುತ್ತಿದೆ. ಕಾರಿನಿಂದ ಇಳಿದವನ ಮುಖ ಬಿಳಿಚಿಕೊಂಡಿದೆ. ಬಿದ್ದವರನ್ನು ಎತ್ತುವವರು ಇಬ್ಬರು, ಫೋನ್ ಎತ್ತಿ ವಿಡಿಯೊ ಮಾಡುವವರು ನಾಲ್ಕು ಜನ. ಯಾರೋ ಒಬ್ಬರು "ನಂದೇ ತಪ್ಪು ಅಂತ ಒಪ್ಕೊ, ಸಾರಿ ಕೇಳು, ದುಡ್ಡು ಕೊಟ್ಟು ಹೋಗು" ಎಂದು ಕೂಗುತ್ತಿದ್ದಾರೆ.

ಆ ಹೊತ್ತಿನಲ್ಲಿ ಕಾನೂನು ನಿಮ್ಮಿಂದ ಬಯಸುವುದು ಬೇರೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಕರ್ತವ್ಯ. ಜನ ರೊಚ್ಚಿಗೆದ್ದು ಮೈಮೇಲೆ ಬರುವಂತಿದ್ದರೆ ಅಥವಾ ಕೈಮೀರಿದ ಬೇರೆ ಕಾರಣ ಇದ್ದರೆ ಮಾತ್ರ ವಿನಾಯಿತಿ. ಗುಂಪಿನ ಸಿಟ್ಟಿನ ಮಾತು ಕಾಯ್ದೆಯಲ್ಲೇ ಬರೆದಿದೆ ಅಂದರೆ ಬರೆದವರಿಗೆ ನಮ್ಮ ರಸ್ತೆ ಚೆನ್ನಾಗಿ ಗೊತ್ತಿತ್ತು. ಪೊಲೀಸರು ಸ್ಥಳದಲ್ಲಿ ಇಲ್ಲದಿದ್ದರೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ವಿಮೆ ಕಂಪನಿಗೂ ಬರೆದು ತಿಳಿಸಬೇಕು.

ಹಾಗಾಗಿ ಮೊದಲು ಬಾಯಿಗೆ ಬರಬೇಕಾದ್ದು "ಏಟಾಯ್ತಾ? ಕೂತ್ಕೊಳ್ಳಿ, ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ" ಅನ್ನುವುದು. ಜೊತೆಗೆ "ಸಾರಿ" ಬಂದರೆ ಬರಲಿ, ತಡೆಯಬೇಡಿ. ಯಾರದು ತಪ್ಪು, ಎಷ್ಟು ಸ್ಪೀಡು, ಯಾರು ಎಡಕ್ಕೆ ತಿರುಗಿದರು ಅನ್ನುವ ವಾದ ಮಾತ್ರ ಅಲ್ಲಿ ಬೇಡ. ಅದನ್ನು ತೀರ್ಮಾನಿಸಲು ಸ್ಥಳ ಮಹಜರು, ಸ್ಕೆಚ್, ಸಿಸಿಟಿವಿ, ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ಕೊಡುವ ಐಎಂವಿ ವರದಿ ಇವೆ. ಎಲ್ಲೆಲ್ಲಿ ಉಜ್ಜಿದೆ, ಬ್ರೇಕಿನ ಗುರುತು ಎಲ್ಲಿದೆ ಅನ್ನುವುದಕ್ಕೆ ನಿಮ್ಮ ಸಾರಿಗಿಂತ ತೂಕ ಜಾಸ್ತಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇದೇ ಕಾಯ್ದೆಯ ಸೆಕ್ಷನ್ 164ರಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪರಿಹಾರ ಕೇಳಬಹುದು. ಅಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡುವ ಅಗತ್ಯವೇ ಇಲ್ಲ. ಅಲ್ಲಿಗೆ ಸಾರಿ ಹೇಳಿದಿರೋ ಬಿಟ್ಟಿರೋ, ವ್ಯತ್ಯಾಸ ಆಗುವುದಿಲ್ಲ.

ನಾನು ಡಿಕ್ಕಿ ಹೊಡೆದವನಲ್ಲ, ಬರೀ ದಾರಿಹೋಕ. ಸಹಾಯ ಮಾಡಿದರೆ ನನ್ನ ಮೇಲೆ ಬರುತ್ತಾ?

ಬರುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 134ಎ ನಿಮಗೆ ರಕ್ಷಣೆ ಕೊಡುತ್ತದೆ. ಕರ್ನಾಟಕದ್ದೇ ಆದ ಪ್ರತ್ಯೇಕ ಕಾಯ್ದೆಯೂ ಇದೆ. ಎತ್ತಿ ಆಸ್ಪತ್ರೆಗೆ ಸೇರಿಸಿ.

ಪೊಲೀಸರ ಮುಂದೆ "ತಪ್ಪಾಯ್ತು ಸರ್" ಅಂದುಬಿಟ್ಟೆ. ಮುಗೀತಾ ನನ್ನ ಕಥೆ?

ಮುಗಿಯಲಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಇದು ಈಗ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23ರಲ್ಲಿದೆ. ಆ ಹೇಳಿಕೆಯಿಂದಲೇ ಯಾವುದಾದರೂ ವಸ್ತು ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದ ಭಾಗ ಮಾತ್ರ ಬರುತ್ತದೆ. ಬೆದರಿಸಿ ಅಥವಾ ಆಸೆ ತೋರಿಸಿ ಹೇಳಿಸಿದ್ದಕ್ಕೂ ಬೆಲೆ ಇಲ್ಲ, ಅದು ಸೆಕ್ಷನ್ 22.

ಠಾಣೆಯಲ್ಲಿ ಬರೆಸಿಕೊಳ್ಳುವ ಮುಚ್ಚಳಿಕೆ ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಅಕ್ಕಪಕ್ಕದ ಮನೆಯವರ ಜಗಳ, ಬೇಲಿ ಜಗಳ, ಪಾರ್ಕಿಂಗ್ ಜಗಳ ಆದಾಗ ಇಬ್ಬರನ್ನೂ ಕರೆಸಿ, "ಇನ್ನು ಮುಂದೆ ಹೀಗೆ ಮಾಡುವುದಿಲ್ಲ" ಎಂದು ಬರೆಸಿಕೊಂಡು ಕಳಿಸುವುದು ನಮ್ಮಲ್ಲಿ ಮಾಮೂಲು. "ಇನ್ನು ಮುಂದೆ ಶಾಂತವಾಗಿರುತ್ತೇನೆ" ಎಂದು ಬರೆದುಕೊಡುವುದು ಬೇರೆ, "ನಾನೇ ಹೊಡೆದೆ, ಇನ್ನು ಹೊಡೆಯುವುದಿಲ್ಲ" ಎಂದು ಬರೆದುಕೊಡುವುದು ಬೇರೆ. ಸಹಿ ಹಾಕುವ ಮುಂಚೆ ಪೂರ್ತಿ ಓದಿ. ಓದಲು ಬಾರದವರ ಜೊತೆ ಹೋದವರು ಗಟ್ಟಿಯಾಗಿ ಓದಿ ಹೇಳಿ. ಒಂದು ಪ್ರತಿ ಕೇಳಿ ಇಸ್ಕೊಳ್ಳಿ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ?

ಕೋರ್ಟಿನಲ್ಲಿ ಕೈಮುಗಿದು ದಂಡ ಕಟ್ಟಿ ಬರುವುದರಲ್ಲಿ. ಅತಿವೇಗದ ಚಾಲನೆ, ಸಣ್ಣಪುಟ್ಟ ಗಾಯದ ಕೇಸುಗಳಲ್ಲಿ "ತಪ್ಪು ಒಪ್ಪಿಕೊಂಡುಬಿಡು, ದಂಡ ಕಟ್ಟು, ಇವತ್ತೇ ಮುಗಿಯುತ್ತೆ" ಎಂದು ಹೇಳುವವರು ಇದ್ದೇ ಇರುತ್ತಾರೆ. ಅಲೆದಾಟ ತಪ್ಪಿತು ಎಂದು ಚಾಲಕನೂ ಒಪ್ಪುತ್ತಾನೆ. ಆಮೇಲೆ ಗಾಯಾಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದಾಗ ಅದೇ ಆದೇಶದ ನಕಲು ಮೇಜಿನ ಮೇಲೆ ಬರುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಒಪ್ಪಿಕೊಂಡದ್ದಕ್ಕೆ ಅಲ್ಲಿ ಒಳ್ಳೆಯ ತೂಕ ಇರುತ್ತದೆ. ರಸ್ತೆ ಬದಿಯಲ್ಲಿ ಸಾರಿ ಹೇಳಲು ಹೆದರುವ ಮನುಷ್ಯ ಇಲ್ಲಿ ಯೋಚಿಸದೆ ತಲೆ ಅಲ್ಲಾಡಿಸುತ್ತಾನೆ. ಹೆದರಿಕೆ ಇರಬೇಕಾದ ಜಾಗ ಇದು. ನಿಜವಾಗಿ ನಿಮ್ಮದೇ ತಪ್ಪಾಗಿದ್ದರೆ ಒಪ್ಪಿಕೊಳ್ಳಿ, ಅದು ದೊಡ್ಡ ಗುಣ. ಬರೀ ಬೇಗ ಮನೆಗೆ ಹೋಗಬೇಕು ಅನ್ನುವ ಕಾರಣಕ್ಕೆ ಒಪ್ಪಬೇಡಿ.

ಸಾರಿ ಹೇಳಿದರೆ ಇನ್ಶೂರೆನ್ಸ್ ಸಿಗುವುದಿಲ್ಲವಂತೆ. ಹೌದಾ?

ಈ ಮಾತು ಹುಟ್ಟಿದ್ದು ಪಾಲಿಸಿಯ ಒಂದು ಷರತ್ತಿನಿಂದ. ಮೋಟಾರು ಪಾಲಿಸಿಯ ಷರತ್ತುಗಳ ಪಟ್ಟಿ ತೆಗೆದು ನೋಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ನೀವು ಹೊಣೆ ಒಪ್ಪಿಕೊಳ್ಳುವಂತಿಲ್ಲ, ದುಡ್ಡು ಕೊಡುತ್ತೇನೆಂದು ಮಾತು ಕೊಡುವಂತಿಲ್ಲ, ಕೊಡುವಂತೆಯೂ ಇಲ್ಲ ಎಂದು ಅಲ್ಲಿರುತ್ತದೆ. ಷರತ್ತು ಇರುವುದು ಹೊಣೆ ಮತ್ತು ದುಡ್ಡಿನ ಬಗ್ಗೆ. ಗಾಯಾಳುವಿನ ಕೈ ಹಿಡಿದು "ಸಾರಿ ಅಣ್ಣ" ಅನ್ನುವುದರ ಬಗ್ಗೆ ಅಲ್ಲ. "ರಿಪೇರಿ ಖರ್ಚೆಲ್ಲ ನಂದು" ಎಂದು ಬರೆದುಕೊಟ್ಟು ಆಮೇಲೆ ಕ್ಲೇಮ್ ಹಾಕಲು ಹೋದರೆ ಕಂಪನಿ ತಕರಾರು ತೆಗೆಯಬಹುದು.

ಎದುರಿನವರು ಸಾರಿ ಅಂದರು, ನಾನು "ಪರ್ವಾಗಿಲ್ಲ ಬಿಡಿ" ಅಂದೆ. ಇನ್ನು ಪರಿಹಾರ ಕೇಳುವ ಹಾಗಿಲ್ವಾ?

ಕೇಳಬಹುದು. ಮರ್ಯಾದೆಗೆ ಆಡಿದ ಮಾತಿನಿಂದ ಹಕ್ಕು ಹೋಗುವುದಿಲ್ಲ. ದುಡ್ಡು ತಗೊಂಡು "ಇನ್ನು ಯಾವ ತಕರಾರೂ ಇಲ್ಲ" ಎಂದು ರಾಜಿ ಪತ್ರಕ್ಕೆ ಸಹಿ ಹಾಕಿದ್ದರೆ ಮಾತ್ರ ತೊಡಕಾಗುತ್ತದೆ. ಏಟು ಬಿದ್ದ ದಿನ ನೋವಿಲ್ಲ ಎಂದು ಸಹಿ ಹಾಕಿ, ವಾರ ಕಳೆದ ಮೇಲೆ ಸೊಂಟ ಹಿಡಿದುಕೊಳ್ಳುವವರು ಬಹಳ. ಅವತ್ತೇ ಸಹಿ ಹಾಕಬೇಡಿ. ಅಪಘಾತ ಆದ 6 ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ. ಅಷ್ಟರಲ್ಲಿ ಎಕ್ಸ್‌ರೇ ತೆಗೆಸಿ, ವಿಚಾರಿಸಿ.

ಆಪರೇಷನ್ ಆದ ಮೇಲೆ ಡಾಕ್ಟರ್ "ಐ ಆಮ್ ಸಾರಿ" ಅಂದರು. ತಪ್ಪು ಅವರದ್ದೇ ಅಂತ ಅಲ್ವಾ?

ಅಲ್ಲ. ಹಾಗೆ ತಿಳಿದುಕೊಳ್ಳುವುದರಿಂದಲೇ ಎಷ್ಟೋ ಡಾಕ್ಟರುಗಳು ಬಾಯಿ ಹೊಲಿದುಕೊಂಡಿದ್ದಾರೆ. ಐಸಿಯು ಬಾಗಿಲು ತೆಗೆದು ಹೊರಗೆ ಬಂದು ಸಾರಿ ಅಂದ ತಕ್ಷಣ "ನೋಡಿ, ಒಪ್ಕೊಂಡ್ರು" ಎಂದು ಗಲಾಟೆ ಎದ್ದರೆ, ಮುಂದಿನ ಸಲ ಆ ಬಾಗಿಲಿನಿಂದ ಹೊರಗೆ ಬರುವುದು ಕೈಯಲ್ಲಿ ಫಾರಂ ಹಿಡಿದ ಸಿಬ್ಬಂದಿ ಮಾತ್ರ. ಆಸ್ಪತ್ರೆಗಳ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು.

ಕಾನೂನಿನ ಕಡೆಯಿಂದ ನೋಡಿದರೆ, 1995ರ ವಿ.ಪಿ. ಶಾಂತಾ ತೀರ್ಪಿನಿಂದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬಂದಿದೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಲೆಕ್ಕಾಚಾರ ತಪ್ಪಿದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ, ಕ್ರಿಮಿನಲ್ ಹೊಣೆಗೆ ಭಾರೀ ನಿರ್ಲಕ್ಷ್ಯ ಬೇಕು, ಅದಕ್ಕೆ ಮುಂಚೆ ಇನ್ನೊಬ್ಬ ಸ್ವತಂತ್ರ ವೈದ್ಯರ ಅಭಿಪ್ರಾಯ ಬೇಕು. ನಿರ್ಲಕ್ಷ್ಯ ಕಾಣುವುದು ಕೇಸ್ ಶೀಟಿನಲ್ಲಿ, ಔಷಧಿ ಚಾರ್ಟಿನಲ್ಲಿ, ಯಾವ ಹೊತ್ತಿಗೆ ಯಾರು ನೋಡಿದರು ಅನ್ನುವ ದಾಖಲೆಯಲ್ಲಿ. ಅದನ್ನು ಬರೆದು ಕೇಳಿ ತಗೊಳ್ಳಿ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ಬೇರೆ ದಾರಿ ಹಿಡಿದವು. ತಪ್ಪಾದರೆ ತಾವೇ ಹೇಳುವುದು, ಕ್ಷಮೆ ಕೇಳುವುದು, ಪರಿಹಾರ ಕೊಡುವುದು. ತಪ್ಪಾಗಿಲ್ಲದಿದ್ದರೆ ಯಾಕೆ ಆಗಿಲ್ಲ ಎಂದು ಕೂರಿಸಿ ವಿವರಿಸುವುದು. ಅಲ್ಲಿ ದಾವೆಗಳೂ ಖರ್ಚೂ ಇಳಿದವು ಎಂದು 2010ರಲ್ಲಿ ಬಂದ ಅಧ್ಯಯನ ತೋರಿಸಿತು. ನನಗೆ ಇದು ಆಶ್ಚರ್ಯ ತರುವುದಿಲ್ಲ. ಮನೆಯವರನ್ನು ಕಳಕೊಂಡವರಿಗೆ ಮೊದಲು ಬೇಕಾಗುವುದು ಏನಾಯಿತು ಅನ್ನುವ ಉತ್ತರ. ಅದು ಸಿಗದೆ ಇದ್ದಾಗಲೇ ಅವರು ಕೋರ್ಟಿಗೆ ಹೋಗುವುದು.

ಆಫೀಸಿನಲ್ಲಿ "ಒಂದು ಅಪಾಲಜಿ ಲೆಟರ್ ಬರೆದುಕೊಡಿ, ವಿಷಯ ಇಲ್ಲಿಗೆ ಮುಗಿಸೋಣ" ಅನ್ನುತ್ತಿದ್ದಾರೆ. ಕೊಡಬಹುದಾ?

ಯೋಚಿಸಿ ಕೊಡಿ. ಇಲಾಖಾ ವಿಚಾರಣೆಗೆ ಕೋರ್ಟಿನಷ್ಟು ಬಿಗಿಯಾದ ಸಾಕ್ಷ್ಯ ನಿಯಮಗಳು ಇಲ್ಲ. ಕಾರಣ ಕೇಳಿ ನೋಟಿಸ್ ಬಂದಾಗ "ನನ್ನಿಂದ ತಪ್ಪಾಗಿದೆ, ಕ್ಷಮಿಸಿ" ಎಂದು ಎರಡು ಸಾಲು ಗೀಚಿಕೊಟ್ಟರೆ, ಒಪ್ಪಿಕೊಂಡಿದ್ದಾರಲ್ಲ, ಇನ್ನು ವಿಚಾರಣೆ ಯಾಕೆ ಎಂದು ನೇರ ಶಿಕ್ಷೆಗೆ ಹೋದದ್ದುಂಟು. ಮುಗಿಯುತ್ತದೆ ಎಂದು ಬಾಯಲ್ಲಿ ಹೇಳಿದವರು ಆಮೇಲೆ ವರ್ಗಾವಣೆಯಾಗಿ ಹೋಗಿರುತ್ತಾರೆ, ಫೈಲಿನಲ್ಲಿ ನಿಮ್ಮ ಸಹಿ ಮಾತ್ರ ಉಳಿದಿರುತ್ತದೆ.

ನಡೆದದ್ದನ್ನು ಇದ್ದ ಹಾಗೆ ಬರೆಯಿರಿ. "14ನೇ ತಾರೀಕು ಸರ್ವರ್ ಕೆಲಸ ಮಾಡದ ಕಾರಣ ವರದಿ ಮರುದಿನ ಕಳಿಸಿದೆ. ಇದರಿಂದ ಆದ ತೊಂದರೆಗೆ ವಿಷಾದವಿದೆ." ಇದು ಸುಳ್ಳೂ ಅಲ್ಲ, ದುರಹಂಕಾರವೂ ಅಲ್ಲ. ಆರೋಪ ಏನೆಂದು ಲಿಖಿತವಾಗಿ ಕೊಡುವ ಮುಂಚೆ ಕ್ಷಮಾಪಣೆ ಪತ್ರ ಕೊಡಬೇಡಿ.

ಲೈಂಗಿಕ ಕಿರುಕುಳದ ದೂರು ಬಂದಾಗ ಲೆಕ್ಕ ಬೇರೆ. 2013ರ ಕಾಯ್ದೆಯ ಸೆಕ್ಷನ್ 10ರ ಪ್ರಕಾರ ವಿಚಾರಣೆಗೆ ಮುಂಚೆ ರಾಜಿಗೆ ದಾರಿ ಇದೆ. ಆದರೆ ಅದನ್ನು ಕೇಳಬೇಕಾದವರು ದೂರು ಕೊಟ್ಟ ಮಹಿಳೆ. ದುಡ್ಡಿನ ಆಧಾರದ ಮೇಲೆ ಅಂಥ ರಾಜಿ ಮಾಡುವಂತಿಲ್ಲ. "ಅವನು ಸಾರಿ ಕೇಳಿದ್ದಾನಲ್ಲ, ಬಿಟ್ಟುಬಿಡಮ್ಮ" ಎಂದು ಒತ್ತಾಯ ಮಾಡುವ ಹಕ್ಕು ಸಮಿತಿಯಲ್ಲಿ ಯಾರಿಗೂ ಇಲ್ಲ.

ಸಾರಿ ಹೇಳಿದ್ದಕ್ಕೆ ನಿಜವಾಗಿಯೂ ಕೈ ಸುಡುವ ಸಂದರ್ಭ ಇದೆಯಾ?

ಇದೆ, ಸಾಲದ ವಿಷಯದಲ್ಲಿ. "ಸಾರಿ, ನಿಮ್ಮ 2 ಲಕ್ಷ ತಡವಾಯಿತು, ಯುಗಾದಿ ಕಳೆದ ಮೇಲೆ ಕೊಡುತ್ತೇನೆ" ಎಂದು ಬರೆದು ಸಹಿ ಹಾಕಿದರೆ ಅದು ಸಾಲ ಒಪ್ಪಿಕೊಂಡ ಹಾಗೇ. ಮೂಲ ಗಡುವು ಮುಗಿಯುವ ಮುಂಚೆ ಹೀಗೆ ಬರೆದರೆ, ಕಾಲಮಿತಿ ಕಾಯ್ದೆಯ ಸೆಕ್ಷನ್ 18ರ ಪ್ರಕಾರ ಆ ದಿನದಿಂದ ಹೊಸದಾಗಿ ಗಡುವು ಶುರುವಾಗುತ್ತದೆ. ಸಾಮಾನ್ಯ ಸಾಲಕ್ಕೆ ಅದು 3 ವರ್ಷ. ಕೊಡಬೇಕಾದ ಸಾಲ ಕೊಡುವುದೇ ಸರಿ. ಬಡ್ಡಿ ಲೆಕ್ಕದಲ್ಲಿ ಜಗಳ ಇದ್ದರೆ ಮಾತ್ರ ಮೊತ್ತ ನಮೂದಿಸುವ ಮುಂಚೆ ಎರಡು ಸಲ ಯೋಚಿಸಿ.

ಗಂಡ ಹೆಂಡತಿ ಜಗಳದಲ್ಲಿ ಕಳಿಸಿದ "ಸಾರಿ" ಮೆಸೇಜು ಡೈವೋರ್ಸ್ ಕೇಸಿನಲ್ಲಿ ಬರುತ್ತಾ?

ಬರಬಹುದು. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಸೆಕ್ಷನ್ 14 ಅಲ್ಲಿನ ನ್ಯಾಯಾಧೀಶರಿಗೆ ಸಾಕ್ಷ್ಯ ತೆಗೆದುಕೊಳ್ಳುವಲ್ಲಿ ಬಹಳ ಸಡಿಲು ಕೊಟ್ಟಿದೆ. ಗಂಡನೋ ಹೆಂಡತಿಯೋ ಗುಟ್ಟಾಗಿ ರೆಕಾರ್ಡ್ ಮಾಡಿದ ಫೋನ್ ಮಾತನ್ನೂ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ "ಸಾರಿ ಕಣೆ, ಕೋಪ ಬಂತು" ಅನ್ನುವುದಕ್ಕೂ "ಸಾರಿ, ಅವತ್ತು ನಿನ್ನ ಮೇಲೆ ಕೈ ಮಾಡಬಾರದಿತ್ತು" ಅನ್ನುವುದಕ್ಕೂ ಅಜಗಜಾಂತರ. ಎರಡನೆಯದು ಹೊಡೆದದ್ದಕ್ಕೆ ಸಾಕ್ಷಿ. ಹೊಡೆದದ್ದು ನಿಜವಾದರೆ ಅದು ಹೊರಗೆ ಬರುವುದೇ ನ್ಯಾಯ.

ಕ್ಷಮಿಸಿದ್ದಕ್ಕೂ ಕಾನೂನಿನಲ್ಲಿ ಅರ್ಥ ಇದೆ. ಕ್ರೌರ್ಯವನ್ನು ಮನ್ನಿಸಿ ಮತ್ತೆ ಒಟ್ಟಿಗೆ ಸಂಸಾರ ಮಾಡಿದರೆ, ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಹಳೆಯ ಕಾರಣ ಹಿಡಿದು ವಿಚ್ಛೇದನ ಕೇಳಲು ತೊಡಕಾಗುತ್ತದೆ. ಆದರೆ ಅದೇ ನಡತೆ ಮರುಕಳಿಸಿದರೆ ಹಳೆಯದಕ್ಕೂ ಜೀವ ಬರುತ್ತದೆ ಎಂದು 1975ರ ದಾಸ್ತಾನೆ ಪ್ರಕರಣದಲ್ಲೇ ತೀರ್ಮಾನವಾಗಿದೆ. ಒಮ್ಮೆ ಮನೆಗೆ ಮರಳಿದ ಹೆಣ್ಣುಮಗಳು ಎಲ್ಲ ಹಕ್ಕು ಕಳಕೊಂಡಳು ಅನ್ನುವುದು ಸುಳ್ಳು.

ನ್ಯಾಯಾಂಗ ನಿಂದನೆ, ಮಾನನಷ್ಟ ಕೇಸುಗಳಲ್ಲಿ ಕ್ಷಮೆ ಕೇಳಿದರೆ ಬಿಟ್ಟುಬಿಡುತ್ತಾರಲ್ಲ?

ಎರಡೂ ಬೇರೆ ಬೇರೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ ಸೆಕ್ಷನ್ 12ರಲ್ಲಿ, ಕ್ಷಮೆ ಕೋರ್ಟಿಗೆ ತೃಪ್ತಿಯಾದರೆ ಬಿಡಬಹುದು ಎಂದಿದೆ. ಆದರೆ ಕ್ಷಮೆ ಮನಸ್ಸಿನಿಂದ ಬಂದಿರಬೇಕು, ತಪ್ಪಿಸಿಕೊಳ್ಳುವ ಗುರಾಣಿ ಆಗಬಾರದು. 2024ರಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಪತಂಜಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೊದಲ ಕ್ಷಮಾಪಣೆಗಳನ್ನು ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಕ್ಷಮೆ ಹಾಕಿದ್ದೇವೆ ಎಂದಾಗ, ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿ ಹಾಕಿದ್ದೀರಾ ಎಂದು ಕೇಳಿತು. ಕೊನೆಗೆ ಆಗಸ್ಟಿನಲ್ಲಿ ಕ್ಷಮೆ ಒಪ್ಪಿ ಆ ವಿಷಯ ಮುಗಿಸಿತು. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಕೋರ್ಟಿನ ಬಗ್ಗೆ ಮಾಡಿದ ಟ್ವೀಟುಗಳಿಗೆ ಕ್ಷಮೆ ಕೇಳಲು ಒಪ್ಪಲಿಲ್ಲ. ನಂಬಿದ್ದನ್ನೇ ಹೇಳಿದ್ದೇನೆ, ಮನಸ್ಸಿಲ್ಲದ ಕ್ಷಮೆ ನನ್ನ ಆತ್ಮಸಾಕ್ಷಿಗೆ ದ್ರೋಹ ಅನ್ನುವುದು ಅವರ ನಿಲುವು. ಕೋರ್ಟ್ 1 ರೂಪಾಯಿ ದಂಡ ಹಾಕಿತು.

ಮಾನನಷ್ಟದಲ್ಲಿ ಕ್ಷಮೆಯಿಂದ ಎದುರಿನವರು ತಣ್ಣಗಾಗಿ ಕೇಸು ರಾಜಿಯಾಗಬಹುದು. 2018ರಲ್ಲಿ ಅರವಿಂದ ಕೇಜ್ರಿವಾಲ್ ಒಬ್ಬರಾದ ಮೇಲೆ ಒಬ್ಬರಲ್ಲಿ ಕ್ಷಮೆ ಕೇಳಿ ಹಲವು ಕೇಸು ಮುಗಿಸಿಕೊಂಡರು. ಇಲ್ಲೊಂದು ಗಮನಿಸಬೇಕಾದ ಮಾತಿದೆ. ಕ್ರಿಮಿನಲ್ ಕೇಸು ಕಾನೂನಿನಂತೆ ರಾಜಿಯಾದರೆ ಅದರ ಫಲ ಖುಲಾಸೆ. ಕ್ಷಮೆ ಕೇಳಿಯೂ ದಾಖಲೆಯಲ್ಲಿ ಅಪರಾಧಿ ಆಗದೆ ಹೊರಬರಬಹುದು.

ಕನ್ನಡದ ವಿಷಯ ಬಂದಾಗ ನಟರು ಕ್ಷಮೆ ಕೇಳಬೇಕು ಅನ್ನುತ್ತೇವೆ. ಅದನ್ನು ಕಾನೂನು ಕೇಳುತ್ತಾ?

ಕಾನೂನು ಕೇಳುವುದಿಲ್ಲ, ಜನ ಕೇಳುತ್ತಾರೆ. 2017ರಲ್ಲಿ ತಮಿಳು ನಟ ಸತ್ಯರಾಜ್ ಕಾವೇರಿ ವಿಷಯದಲ್ಲಿ ವರ್ಷಗಳ ಹಿಂದೆ ಆಡಿದ ಮಾತಿಗೆ ವಿಡಿಯೊದಲ್ಲಿ ವಿಷಾದ ಹೇಳಿದರು. ಅವರು ನಟಿಸಿದ "ಬಾಹುಬಲಿ 2" ಸಿನಿಮಾ ಬಿಡುಗಡೆಯಾಯಿತು. 2025ರಲ್ಲಿ ಕಮಲ್ ಹಾಸನ್ ಚೆನ್ನೈನಲ್ಲಿ ಶಿವರಾಜ್‌ಕುಮಾರ್ ಎದುರಿಗೇ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ಆಮೇಲೆ ಫಿಲ್ಮ್ ಚೇಂಬರಿಗೆ ಬರೆದ ಪತ್ರದಲ್ಲಿ ಪ್ರೀತಿಯ ಮಾತು ಬೇಕಾದಷ್ಟಿತ್ತು, ಕ್ಷಮೆ ಇರಲಿಲ್ಲ. ಒಂದು ಕ್ಷಮೆಯಿಂದ ಮುಗಿಯುತ್ತಿತ್ತಲ್ಲ ಎಂದು ನಮ್ಮ ಹೈಕೋರ್ಟ್ ಹೇಳಿತು. ಅದೇ ಜೂನ್ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕ್ಷಮೆ ಕೇಳಿ ಎನ್ನುವುದು ಹೈಕೋರ್ಟಿನ ಕೆಲಸ ಅಲ್ಲ ಎಂದಿತು.

ಕಾನೂನಿನ ಮಟ್ಟಿಗೆ ಸುಪ್ರೀಂ ಕೋರ್ಟ್ ಹೇಳಿದ್ದು ಸರಿ ಎಂದು ನನಗನ್ನಿಸುತ್ತದೆ. ಅದರಿಂದ ಕನ್ನಡಿಗರಿಗಾದ ಬೇಸರ ಸುಳ್ಳಾಗುವುದಿಲ್ಲ. ಭಾಷೆಗೆ ನೋವಾಯಿತು ಅನ್ನುವವರಿಗೆ ಸಮಾಧಾನ ಹೇಳುವುದು ಮಾತಾಡಿದವರ ಹೊಣೆ. ಕೋರ್ಟು ಅದನ್ನು ಬಾಯಿಬಿಡಿಸಿ ತೆಗೆದರೆ ಬೇಸರ ಹೋಗುವುದೂ ಇಲ್ಲ.

ವಿಷಾದ ಅಂದರೂ ಕ್ಷಮೆ ಅಂದರೂ ಒಂದೇ ಅಲ್ವಾ?

ಕೇಳಿಸಿಕೊಳ್ಳುವವರಿಗೆ ಖಂಡಿತ ಒಂದೇ ಅಲ್ಲ. 2019ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ 100 ವರ್ಷ ತುಂಬಿದಾಗ ಬ್ರಿಟನ್ ಪ್ರಧಾನಿ ತೆರೆಸಾ ಮೇ ಆಳವಾದ ವಿಷಾದ ಎಂದರು, ಕ್ಷಮೆ ಕೇಳಲಿಲ್ಲ. 1914ರಲ್ಲಿ ಕೊಮಗಾಟ ಮಾರು ಹಡಗಿನ ಬಹುಪಾಲು ಭಾರತೀಯರನ್ನು ವ್ಯಾಂಕೂವರ್ ಬಂದರಿನಿಂದ ಹಿಂದಕ್ಕೆ ಕಳಿಸಿದ್ದಕ್ಕೆ ಕೆನಡಾ ಪ್ರಧಾನಿ ಜಸ್ಟಿನ್ ಟ್ರುಡೊ 2016ರ ಮೇ 18ರಂದು ಪಾರ್ಲಿಮೆಂಟಿನಲ್ಲೇ ನಿಂತು ಕ್ಷಮೆ ಕೇಳಿದರು. ಆ ಪ್ರಯಾಣಿಕರ ವಂಶಸ್ಥರು ಗ್ಯಾಲರಿಯಲ್ಲಿ ಕೂತು ಕೇಳಿದರು. ಎರಡಕ್ಕೂ ಇರುವ ದೂರ ಯಾವ ಭಾರತೀಯನಿಗೂ ವಿವರಿಸಿ ಹೇಳಬೇಕಿಲ್ಲ.

ಮನೆಯಲ್ಲಿ, ಊರಲ್ಲಿ ಸಾರಿ ಅಂದರೆ ಸೋತ ಹಾಗೆ ಅನ್ನಿಸುತ್ತೆ. ಏನು ಮಾಡೋದು?

ಅದಕ್ಕೆ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ಉತ್ತರ ಕರ್ನಾಟಕದಲ್ಲಿ ದಸರೆ ದಿನ ಮಾತು ಬಿಟ್ಟವರ ಮನೆಗೂ ಹೋಗಿ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅನ್ನುತ್ತಾರೆ. ಚಿಕ್ಕವರು ಕಾಲಿಗೆ ಬೀಳುತ್ತಾರೆ, ದೊಡ್ಡವರು ತಲೆ ಮುಟ್ಟುತ್ತಾರೆ. ಬದುವಿನ ಜಗಳದಲ್ಲಿ ಯಾರದು ಸರಿ ಎಂದು ಆ ದಿನ ಯಾರೂ ಎತ್ತುವುದಿಲ್ಲ. ಹಳೇ ಮೈಸೂರಿನ ಕಡೆ ಸಂಕ್ರಾಂತಿಯ ಎಳ್ಳುಬೆಲ್ಲ ಇದೇ ಕೆಲಸ ಮಾಡುತ್ತದೆ. ದೇವರಿಗೆ ತಪ್ಪು ಕಾಣಿಕೆ ಹಾಕುವವರೂ ಎಷ್ಟೋ ಸಲ "ಗೊತ್ತಿದ್ದೋ ಗೊತ್ತಿಲ್ಲದೆಯೋ ಆಗಿದ್ದರೆ" ಅನ್ನುತ್ತಾರೆ.

ಇವೆಲ್ಲ ಸಂಬಂಧ ಉಳಿಸಲು ಸಾಕು. ದೊಡ್ಡ ಪೆಟ್ಟು ಬಿದ್ದಿರುವಲ್ಲಿ ಸಾಲದು. ಮಗಳ ಓದು ಬಿಡಿಸಿದ ಅಪ್ಪ, ಆಸ್ತಿಯಲ್ಲಿ ತಂಗಿಗೆ ಮೋಸ ಮಾಡಿದ ಅಣ್ಣ ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿದರೆ ಆ ತಪ್ಪು ಕರಗುವುದಿಲ್ಲ. ಅಲ್ಲಿ "ನಾನು ಹೀಗೆ ಮಾಡಿದೆ, ಅದು ಅನ್ಯಾಯ" ಎಂದು ಬಾಯಿಬಿಟ್ಟು ಹೇಳಲೇಬೇಕು. ಸರಿಪಡಿಸಲೂ ಬೇಕು. "ನಿಂಗೆ ಬೇಜಾರಾಗಿದ್ರೆ ಸಾರಿ" ಎಂದರೆ ಗಾಯದ ಮೇಲೆ ಉಪ್ಪು ಹಾಕಿದ ಹಾಗೆ.

ಹೊರದೇಶದಲ್ಲಿ ಸಾರಿ ಹೇಳಿದರೆ ಅಪಾಯ ಅಂತ ಇಲ್ಲಿಂದ ಹೋದ ಮಕ್ಕಳಿಗೆ ಹೇಳಿಕೊಡುತ್ತಾರೆ. ನಿಜವಾ?

ಎಲ್ಲಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1970ರ ದಶಕದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗಿಯೊಬ್ಬಳು ಕಾರು ಬಡಿದು ಸತ್ತಳು. ಅವಳ ತಂದೆ ಆ ರಾಜ್ಯದ ಸೆನೆಟರ್. ಕಾರಿನವನು ಒಂದು ಸಾರಿ ಕೂಡ ಹೇಳಲಿಲ್ಲ. ಹೇಳಿದರೆ ಕೇಸಿನಲ್ಲಿ ಅವನ ವಿರುದ್ಧವೇ ಬರುತ್ತಿತ್ತು ಎಂದು ಆ ತಂದೆಗೆ ಗೊತ್ತಾಯಿತು. ಅಲ್ಲಿಂದ ಹುಟ್ಟಿದ್ದು 1986ರ ಕಾನೂನು. ಅಪಘಾತ ಆದಾಗ ಆಡಿದ ಅನುಕಂಪದ ಮಾತನ್ನು ಹೊಣೆ ಒಪ್ಪಿದ್ದಕ್ಕೆ ಸಾಕ್ಷಿ ಮಾಡುವಂತಿಲ್ಲ ಎಂದು ಅದು ಹೇಳಿತು.

ಕ್ಯಾಲಿಫೋರ್ನಿಯಾದಲ್ಲಿ ಅನುಕಂಪದ ಮಾತಿಗೆ ರಕ್ಷಣೆ ಇದೆ, "ನನ್ನದೇ ತಪ್ಪು" ಅನ್ನುವುದಕ್ಕಿಲ್ಲ. ಕೆನಡಾದ ಒಂಟಾರಿಯೊದಲ್ಲಿ 2009ರ ಕಾಯ್ದೆ ತಪ್ಪೊಪ್ಪಿಗೆಯ ಮಾತು ಸೇರಿದ್ದರೂ ಸಿವಿಲ್ ದಾವೆಯಲ್ಲಿ ಕ್ಷಮೆಯನ್ನು ಕಾಪಾಡುತ್ತದೆ, ವಿಮೆಯೂ ಅದರಿಂದ ಕೆಡುವುದಿಲ್ಲ. ಟೊರಾಂಟೊ ಸುತ್ತಮುತ್ತ ಇರುವ ನಮ್ಮವರು ಧೈರ್ಯವಾಗಿ ಸಾರಿ ಹೇಳಬಹುದು. ಇಂಗ್ಲೆಂಡಿನಲ್ಲಿ 2006ರ ಕಾಯ್ದೆ, ಹಾಂಗ್‌ಕಾಂಗ್‌ನಲ್ಲಿ 2017ರ ಕಾಯ್ದೆ ಇವೆ.

ನಮ್ಮಲ್ಲಿ ಅಂಥ ಕಾನೂನು ಇಲ್ವಾ?

ಕ್ಷಮೆಗೆಂದೇ ಪ್ರತ್ಯೇಕ ಕಾನೂನು ಇಲ್ಲ. ಬರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ, ಅದರಲ್ಲೂ ಆಸ್ಪತ್ರೆ ಮತ್ತು ರಸ್ತೆ ಅಪಘಾತದ ವಿಷಯದಲ್ಲಿ. ಬರೀ ಕಾನೂನು ಮಾಡಿಟ್ಟರೆ ದಾವೆಗಳು ತಾವಾಗಿ ಇಳಿಯುವುದಿಲ್ಲ ಎಂದು ಅಮೆರಿಕದ ಅನುಭವವೇ ತೋರಿಸಿದೆ. ಕ್ಷಮೆಯ ಜೊತೆ ನಿಜ ಹೇಳುವುದು, ಪರಿಹಾರ ಕೊಡುವುದೂ ಬರಬೇಕು. ಹಾಗಿದ್ದರೂ ಹೆದರಿಕೆಯ ನೆಪ ಒಂದು ಹೋಗುತ್ತದೆ.

ಈಗಾಗಲೇ ನೋಟಿಸ್ ಬಂದಿದೆ. ಆದರೂ ಮನಸ್ಸಿಗೆ ಕ್ಷಮೆ ಕೇಳಬೇಕು ಅನ್ನಿಸುತ್ತಿದೆ. ದಾರಿ ಇದೆಯಾ?

ಎರಡು ದಾರಿ ಇವೆ. ಸಿವಿಲ್ ವ್ಯಾಜ್ಯದಲ್ಲಿ, ಈ ಮಾತುಕತೆಯನ್ನು ಸಾಕ್ಷ್ಯವಾಗಿ ಬಳಸಬಾರದು ಅನ್ನುವ ಷರತ್ತಿನ ಮೇಲೆ ಬರೆಯಬಹುದು. ವಕೀಲರು ಪತ್ರದ ಮೇಲೆ "ವಿತೌಟ್ ಪ್ರೆಜುಡಿಸ್" ಎಂದು ಹಾಕುವುದು ಇದಕ್ಕೇ. ಅಧಿನಿಯಮದ ಸೆಕ್ಷನ್ 21 ಅದಕ್ಕೆ ಬೆಂಬಲ ಕೊಡುತ್ತದೆ.

ಇನ್ನೊಂದು ಮಧ್ಯಸ್ಥಿಕೆ. 2023ರ ಮಧ್ಯಸ್ಥಿಕೆ ಕಾಯ್ದೆ ಅಲ್ಲಿ ಆಡಿದ ಮಾತು ಗುಟ್ಟಾಗಿರಬೇಕು ಎನ್ನುತ್ತದೆ. ಆ ಪಟ್ಟಿಯಲ್ಲಿ ಕ್ಷಮಾಪಣೆಯನ್ನೂ ಹೆಸರಿಟ್ಟು ಸೇರಿಸಿದ್ದಾರೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಕೋರ್ಟು ಅಲ್ಲಿಗೆ ಕಳಿಸಿದರೆ ಹಿಂಜರಿಯಬೇಡಿ. ಮೇಜಿನ ಆಚೆ ಈಚೆ ಕೂತು, ಮೂರನೆಯವರೊಬ್ಬರ ಎದುರು, ಹೇಳಬೇಕಾದ್ದನ್ನು ಹೇಳಬಹುದು. ವಕೀಲರಿಗೆ ದುಡ್ಡಿಲ್ಲದವರು ಉಚಿತ ಕಾನೂನು ನೆರವಿನ 15100 ನಂಬರಿಗೆ ಫೋನ್ ಮಾಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ನೆರವು ಪಡೆಯಲು ಆದಾಯದ ಮಿತಿ ಅಡ್ಡ ಬರುವುದಿಲ್ಲ.